ಬೈಕಿಗೊಂದು ಗಾಜಿನ ಮರೆ

ಕೂಳೂರಿನ ಸೇತುವೆ ದಾಟಿ ಸ್ವಲ್ಪ ಮುಂದೆ ಬಂದಿದ್ದೆ. ಏಪ್ರಿಲ್ ತಿಂಗಳ ಸಂಜೆ. ಬೈಕಂಪಾಡಿಯಿಂದ ಹೊರಡುವಾಗಲೇ ಮೈಯೆಲ್ಲ ಬೆವರು, ಹೆಲ್ಮೆಟ್ಟಿನ ಒಳಗೆ ಉಸಿರು ಕಟ್ಟುವಂಥ ಸೆಕೆ. ಹೆಲ್ಮೆಟ್ಟಿನ ಗಾಜು ಹಳೆಯದಾಗಿ ಗೀಚಿಹೋಗಿತ್ತು. ಇಳಿಬಿಸಿಲು ಬಿದ್ದರೆ ಅದರಲ್ಲಿ ಎದುರಿನದೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಅದನ್ನು ಮೇಲೆತ್ತಿಕೊಂಡೇ ಓಡಿಸುತ್ತಿದ್ದೆ. ನನ್ನ ಮುಂದೆ ಜಲ್ಲಿ ತುಂಬಿದ ಟಿಪ್ಪರ್. ಅದನ್ನು ಹಿಂದೆ ಹಾಕೋಣವೆಂದರೆ ಬಲಗಡೆ ಗ್ಯಾಸ್ ಟ್ಯಾಂಕರುಗಳ ಸಾಲು. ಹಿಂದೆಯೇ ಹೋದರಾಯಿತು ಎಂದುಕೊಂಡೆ. ಟಿಪ್ಪರಿನ ಚಕ್ರ ಒಂದು ಹೊಂಡಕ್ಕೆ ಇಳಿದು ಮೇಲೆದ್ದದ್ದು ಕಂಡಿತು. ಮರುಕ್ಷಣ ನನ್ನ ಬಲಗಣ್ಣಿಗೆ ಯಾರೋ ಗುದ್ದಿದ ಹಾಗಾಯಿತು.

ನೋವು ಆಮೇಲೆ ಬಂತು. ಮೊದಲು ಬಂದದ್ದು ಕತ್ತಲೆ. ಬಲಗಣ್ಣು ತಾನಾಗಿ ಬಿಗಿದು ಮುಚ್ಚಿಕೊಂಡಿತು, ಅದರ ಜೊತೆ ಎಡಗಣ್ಣೂ ಮುಚ್ಚಿತು. ಎಷ್ಟು ಪ್ರಯತ್ನಪಟ್ಟರೂ ಒಂದನ್ನು ಬಿಟ್ಟು ಇನ್ನೊಂದನ್ನು ತೆರೆಯಲಾಗಲಿಲ್ಲ. ಕೈಯಲ್ಲಿ ಬೈಕು, ಬದಿಯಲ್ಲಿ ಟ್ಯಾಂಕರಿನ ಸದ್ದು, ಹಿಂದೆ ಯಾವುದೋ ಬಸ್ಸಿನ ಹಾರ್ನು. ರಸ್ತೆ ಎಲ್ಲಿದೆಯೆಂದು ಕಾಣದೆ ನಾನು ಓಡಿಸುತ್ತಿದ್ದೆ. ಬ್ರೇಕ್ ಹಾಕಿದರೆ ಹಿಂದಿನ ಬಸ್ಸು ಹತ್ತಿಬಿಡುತ್ತದೆ, ಹಾಕದಿದ್ದರೆ ಮುಂದಿನ ಟಿಪ್ಪರಿಗೆ ನಾನು. ಎಡಕ್ಕೆ ವಾಲಿಸಿದೆ. ಚಕ್ರದ ಕೆಳಗೆ ಡಾಂಬರು ಮುಗಿದು ಮಣ್ಣು ಸಿಕ್ಕಿತು, ಬೈಕು ಜಾರಿತು, ಹೇಗೋ ನಿಂತಿತು. ಕಾಲು ನೆಲಕ್ಕೆ ತಾಗಿದಾಗ ನಾನು ಅಳುತ್ತಿದ್ದೆ ಅನ್ನುವುದು ಗೊತ್ತಾಯಿತು.

ಅಲ್ಲಿ ರಸ್ತೆ ಬದಿಯಲ್ಲಿ ಬೊಂಡ, ಅಂದರೆ ಎಳನೀರು, ಮಾರುವ ಹೆಂಗಸೊಬ್ಬಳಿದ್ದಳು. ಅವಳೇ ಓಡಿ ಬಂದು ಹ್ಯಾಂಡಲ್ ಹಿಡಿದುಕೊಂಡಳು.

"ಎಂತಾಯ್ತು ಅಕ್ಕ? ಕಣ್ಣಿಗೆ ಬಿತ್ತಾ? ಉಜ್ಜಬೇಡಿ, ಉಜ್ಜಬೇಡಿ!"

ತನ್ನ ಕುಡಿಯುವ ನೀರಿನ ಬಾಟಲಿಯಿಂದ ನೀರು ಸುರಿದಳು. ಎಡಗಣ್ಣು ತೆರೆಯಿತು. ಬಲಗಣ್ಣು ತೆರೆದರೂ ಹಾಲಿನಲ್ಲಿ ಅದ್ದಿದ ಹಾಗೆ ಎಲ್ಲವೂ ಬೆಳ್ಳಗೆ. ನಾನು ಅವಳ ಕೈಯನ್ನು ಬಿಡದೆ, "ಕಣ್ಣು ಉಂಟಾ? ನೋಡಿ, ಕಣ್ಣು ಉಂಟಾ?" ಎಂದು ಕೇಳುತ್ತಿದ್ದೆನಂತೆ. ಅವಳು ಒಂದು ರಿಕ್ಷಾ ನಿಲ್ಲಿಸಿ, "ಬೈಕ್ ನಾನು ನೋಡ್ಕೊಳ್ತೇನೆ, ನೀವು ಹೋಗಿ" ಎಂದು ನನ್ನನ್ನು ಹತ್ತಿಸಿ ಕಳಿಸಿದಳು.

ನನ್ನ ಕೆಲಸ ಕಣ್ಣಿನದು. ಬೈಕಂಪಾಡಿಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ, ಸಿಪ್ಪೆ ಬಿಡಿಸಿದ ಬೀಜಗಳನ್ನು ಬಣ್ಣ, ಗಾತ್ರ ನೋಡಿ ಬೇರೆ ಮಾಡುವ ವಿಭಾಗ ನನ್ನ ಸುಪರ್ದಿಯಲ್ಲಿದೆ. ಒಂದು ಬೀಜ ಬಿಳಿಯೋ, ಸ್ವಲ್ಪ ಕಂದಿದೆಯೋ ಎಂದು ಒಂದೇ ನೋಟಕ್ಕೆ ಹೇಳಬೇಕು. ರಿಕ್ಷಾದಲ್ಲಿ ಕುಳಿತು ನಾನು ಯೋಚಿಸುತ್ತಿದ್ದುದು ಬೇರೇನೂ ಅಲ್ಲ, ಇನ್ನು ಮುಂದೆ ನನಗೆ ಎಲ್ಲ ಬೀಜವೂ ಬಿಳಿಯಾಗಿಯೇ ಕಾಣುತ್ತದಲ್ಲ ಅನ್ನುವುದನ್ನು. ಹೆದರಿದ ತಲೆ ಹಾಗೆಯೇ, ದೊಡ್ಡದನ್ನು ಬಿಟ್ಟು ಸಣ್ಣದೊಂದಕ್ಕೆ ಜೋತುಬೀಳುತ್ತದೆ.

ಕಣ್ಣಿನ ಡಾಕ್ಟರು ವಯಸ್ಸಾದ ಹೆಂಗಸು. ನೀಲಿ ಬೆಳಕು ಹಾಕಿ ಬಹಳ ಹೊತ್ತು ನೋಡಿದರು. "ಮೇಲಿನ ಪದರ ಗೀಚಿದೆ. ಒಳಗೆ ಹೋಗ್ಲಿಲ್ಲ. ವಾಸಿ ಆಗ್ತದೆ" ಎಂದರು. ನಾನು ಉಸಿರು ಬಿಡುವಷ್ಟರಲ್ಲಿ, "ಕಲ್ಲಿನ ಚೂರು ಸ್ವಲ್ಪ ಓರೆಯಾಗಿ ಬಂದಿದೆ, ಪುಣ್ಯ. ನೇರ ಬಂದಿದ್ರೆ ನಾನು ಈಗ ಬೇರೆ ಮಾತು ಹೇಳ್ಬೇಕಿತ್ತು" ಎಂದು ಸೇರಿಸಿದರು. ಅವರು ಒಳ್ಳೆಯದಕ್ಕೇ ಹೇಳಿದ್ದು. ಆದರೆ ಆ ಮಾತು ಕಣ್ಣಿಗಿಂತ ಒಳಗೆ ಹೋಗಿ ಕುಳಿತಿತು.

ನಮ್ಮ ಮನೆ ಉಳ್ಳಾಲದಲ್ಲಿ. ಮನೆಯಲ್ಲಿರುವುದು ನಾನು ಮತ್ತು ಅತ್ತೆ. ನನ್ನ ಗಂಡ ಕುವೈತಿನಲ್ಲಿ ಕೆಲಸಕ್ಕಿದ್ದಾರೆ. ಬೈಕು ಅವರದೇ. ಅವರು ಹೋದ ಮೇಲೆ ಅದು ಟಾರ್ಪಾಲು ಹೊದ್ದುಕೊಂಡು ಅಂಗಳದಲ್ಲಿ ನಿಂತಿತ್ತು. ನಾನೋ ಉಳ್ಳಾಲದಿಂದ ಬೈಕಂಪಾಡಿಗೆ ಬಸ್ಸು ಬದಲಿಸಿ ಬದಲಿಸಿ, ನೇತಾಡಿಕೊಂಡು ಹೋಗಿ ಬರುತ್ತಿದ್ದೆ. ಒಮ್ಮೆ ಅವರು ರಜೆಗೆ ಬಂದಾಗ ಶಾಲೆಯ ಮೈದಾನದಲ್ಲಿ ನನಗೆ ಬೈಕ್ ಕಲಿಸಿಕೊಟ್ಟರು. ಸ್ಕೂಟರ್ ತೆಗೆದುಕೊಡುತ್ತೇನೆ ಎಂದೂ ಹೇಳಿದ್ದರು. ನನಗೆ ಬೇಡವೆನಿಸಿತು. ಆ ಹೈವೇಯ ಹೊಂಡಗಳಿಗೆ ಸ್ಕೂಟರಿನ ಸಣ್ಣ ಚಕ್ರಕ್ಕಿಂತ ಬೈಕಿನ ಚಕ್ರವೇ ಧೈರ್ಯ. ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ಬೈಕು ಹತ್ತುವ ನನ್ನನ್ನು ಮೊದಮೊದಲು ನೋಡಿ ನಗುತ್ತಿದ್ದವರೂ ಆಮೇಲೆ ಸುಮ್ಮನಾದರು. ವರ್ಷಗಟ್ಟಲೆ ಯಾವ ತೊಂದರೆಯೂ ಇಲ್ಲದೆ ಓಡಿಸಿದ್ದೆ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದ ದಿನಗಳಲ್ಲಿ ನನ್ನೊಳಗೆ ಏನೋ ಕೆಟ್ಟುಹೋಯಿತು. ಚಹಾ ಬಗ್ಗಿಸಲು ಹೋದರೆ ಲೋಟದ ಹೊರಗೆ ಬೀಳುತ್ತಿತ್ತು. ಅದು ಸರಿ, ಒಂದು ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಆದರೆ ಒಗ್ಗರಣೆಯ ಸಾಸಿವೆ ಸಿಡಿದರೆ ನಾನು ಗೋಡೆಯವರೆಗೆ ಹಿಂದಕ್ಕೆ ಹಾರುತ್ತಿದ್ದೆ. ಅಂಗಳದಲ್ಲಿ ಗಾಳಿಗೆ ಒಂದು ಒಣ ಎಲೆ ಹಾರಿದರೆ ಎರಡೂ ಕೈ ಮುಖಕ್ಕೆ ಹೋಗುತ್ತಿತ್ತು. ಅತ್ತೆ ನೋಡಿ ಆ ಎಲೆಯನ್ನು ಹೆಕ್ಕಿ ಆಚೆ ಹಾಕುತ್ತಿದ್ದರು. ಮನೆಯಲ್ಲಿ ನಮ್ಮ ಮಾತು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ದಿನ ಅವರು, "ಮಗಾ, ನಿನ್ನ ಕಣ್ಣಿಗೆ ಅಂತ ಬಿಕರ್ನಕಟ್ಟೆಯ ಬಾಲಯೇಸುವಿಗೆ ಮೇಣದಬತ್ತಿ ಹೇಳಿಕೊಂಡಿದ್ದೇನೆ. ಗುಣ ಆದ ಮೇಲೆ ಒಟ್ಟಿಗೆ ಹೋಗಿ ಹಚ್ಚಿ ಬರುವ. ಆದರೆ ಬೈಕಿನಲ್ಲಿ ಬೇಡ" ಎಂದರು.

ಪಟ್ಟಿ ಬಿಚ್ಚಿದರು. ಕಣ್ಣು ಸರಿಯಾಯಿತು. ಕಾರ್ಖಾನೆಗೆ ಹೋಗಿ ಬೀಜ ನೋಡಿದೆ, ಬಿಳಿ ಬಿಳಿಯಾಗಿಯೇ ಕಂಡಿತು, ಕಂದಿದ್ದು ಕಂದಿದ್ದಾಗಿಯೇ ಕಂಡಿತು. ಅಲ್ಲಿಗೆ ಹೆದರಿಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬಸ್ಸಿನಲ್ಲಿ ಹೋಗಲು ಶುರು ಮಾಡಿದೆ. ಕಿಟಕಿ ಬದಿಯ ಸೀಟು ಸಿಕ್ಕಿದರೆ ತಕ್ಷಣ ಗಾಜು ಎಳೆದುಬಿಡುತ್ತಿದ್ದೆ. ಒಮ್ಮೆ ಪಕ್ಕದಲ್ಲಿ ಕುಳಿತಿದ್ದ ಅಮ್ಮನೊಬ್ಬರಿಗೆ ಸಿಟ್ಟು ಬಂತು.

"ಎಂತ ಮಾರಾಯ್ತಿ, ಈ ಸೆಕೆಗೆ ಕಿಟಕಿ ಹಾಕುವುದಾ? ನಾವೆಲ್ಲ ಬೇಯಬೇಕಾ?"

"ಹೊರಗೆ ಟಿಪ್ಪರ್ ಉಂಟು" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ನಾನು ಗಾಜು ತೆರೆಯಲೂ ಇಲ್ಲ, ವಿವರಿಸಲೂ ಇಲ್ಲ. ಅವರು ಎದ್ದು ಬೇರೆ ಕಡೆ ಹೋಗಿ ನಿಂತರು.

ವಿಂಡ್‌ಶೀಲ್ಡ್ ಹಾಕಿಸುವ ಮಾತು ಎತ್ತಿದ್ದು ನನ್ನ ಗಂಡ. ಒಂದು ಶುಕ್ರವಾರ, ಅವರಿಗೆ ರಜೆಯ ದಿನ, ವೀಡಿಯೊ ಕಾಲ್ ಮಾಡಿದರು. ಅದಕ್ಕೂ ಮೊದಲೇ ಫೋನಿಗೆ ಫೋಟೊಗಳ ಮೇಲೆ ಫೋಟೊ ಕಳಿಸಿದ್ದರು. ಹೆಡ್‌ಲೈಟಿನ ಮೇಲಿಂದ ಎದ್ದು ಓಡಿಸುವವರ ಮುಖದ ಮಟ್ಟಕ್ಕೆ ಬರುವ ದೊಡ್ಡ ಪಾರದರ್ಶಕ ಹಾಳೆ. ಪ್ಲಾಸ್ಟಿಕ್ಕೇ ಆದರೂ ಎಲ್ಲರೂ ಗಾಜು ಎಂದೇ ಕರೆಯುವುದು.

"ಇದನ್ನು ಹಾಕಿಸು. ಕಲ್ಲು ಬಂದ್ರೂ ಇದಕ್ಕೆ ಬೀಳ್ತದೆ, ನಿನಗಲ್ಲ" ಎಂದರು.

"ಹೆಲ್ಮೆಟ್ಟಿನ ಗಾಜು ಹೊಸದು ಹಾಕಿಸಿದ್ರೆ ಸಾಕಲ್ವಾ?"

"ಸೆಕೆ ಆದ್ರೆ ನೀನು ಅದನ್ನು ಎತ್ತಿಯೇ ಎತ್ತುತ್ತಿ. ನನಗೆ ಗೊತ್ತುಂಟು. ಇದನ್ನು ಎತ್ತಲಿಕ್ಕೆ ಆಗುವುದಿಲ್ಲ."

ಅವರು ಹೇಳಿದ್ದು ಸರಿಯೆನಿಸಿತು. ಮರುದಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುವ ಅಣ್ಣನ ಹತ್ತಿರ ಈ ಮಾತು ತೆಗೆದೆ. ಅವರೂ ಉಳ್ಳಾಲದವರೇ, ಬ್ಯಾರಿ ಮುಸ್ಲಿಂ ಮನೆತನದವರು, ನನಗಿಂತ ಹಿರಿಯರು, ಅವರ ದಾರಿಯೂ ನನ್ನ ದಾರಿಯೂ ಒಂದೇ. ಬೊಂಡದವಳ ಹತ್ತಿರ ಬಿಟ್ಟಿದ್ದ ಬೈಕನ್ನು ಮನೆಗೆ ತಂದುಕೊಟ್ಟವರೂ ಅವರೇ. ಅವರು ಚಹಾದ ಗ್ಲಾಸು ಕೆಳಗಿಟ್ಟರು.

"ಬೇಡ ಅಕ್ಕ. ನಾನು ಹಾಕಿಸಿ ತೆಗೆದವ. ನೇತ್ರಾವತಿ ಸೇತುವೆಯಲ್ಲಿ ಸಮುದ್ರದ ಗಾಳಿ ಅಡ್ಡ ಹೊಡಿತದಲ್ಲ, ಆಗ ಗೊತ್ತಾಗ್ತದೆ. ಕೊಡೆ ಬಿಡಿಸಿ ಹಿಡ್ಕೊಂಡು ಬೈಕ್ ಓಡಿಸಿದ ಹಾಗೆ."

"ಕಲ್ಲು ಬಿದ್ರೆ?"

"ಕಲ್ಲು ಬಿದ್ರೆ ಕಣ್ಣು ಹೋಗ್ತದೆ. ಗಾಳಿಗೆ ಬಿದ್ರೆ ಆಳೇ ಹೋಗ್ತದೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ತೊಕ್ಕೊಟ್ಟಿನಲ್ಲಿ ಬೈಕಿನ ಬಿಡಿಭಾಗ ಮಾರುವ ಅಂಗಡಿಯವರನ್ನು ಕೇಳಿದರೆ ಅವರು ಇನ್ನೊಂದು ಹೇಳಿದರು. "ಎಷ್ಟು ಜನ ಹಾಕಿಸ್ಕೊಂಡು ಹೋಗ್ತಾರೆ ಮೇಡಂ, ಒಬ್ಬರೂ ವಾಪಸ್ ತರ್ಲಿಲ್ಲ. ಸೇತುವೆಯಲ್ಲಿ ಸ್ವಲ್ಪ ನಿಧಾನ ಹೋದ್ರಾಯ್ತು. ಹಾಕಿಸಿ, ಓಡಿಸಿ ನೋಡಿ."

ಆ ವಾರವೆಲ್ಲ ಇದೇ ಯೋಚನೆ. ಹಾಕಿಸದಿದ್ದರೆ ಕಲ್ಲಿನ ಹೆದರಿಕೆ, ಹಾಕಿಸಿದರೆ ಗಾಳಿಯ ಹೆದರಿಕೆ. ಕಲ್ಲನ್ನು ನಾನು ಕಂಡಿದ್ದೆ, ಗಾಳಿಯನ್ನು ಕಂಡಿರಲಿಲ್ಲ. ಹಾಗಾಗಿ ಕಲ್ಲಿನ ಹೆದರಿಕೆಯೇ ಗೆದ್ದಿತು. ಬೈಕನ್ನು ಅಂಗಡಿಗೆ ಕೊಂಡುಹೋಗಿ ಗಾಜು ಹಾಕಿಸಿದೆ. ಹ್ಯಾಂಡಲಿಗೆ ಎರಡು ಬದಿಯಲ್ಲಿ ಕ್ಲಾಂಪು ಬಿಗಿದು, ಕೆಳಗೆ ಹೆಡ್‌ಲೈಟಿನ ಹತ್ತಿರ ಇನ್ನೊಂದು ಪಟ್ಟಿ ಕೂರಿಸಿದರು. ಅಲುಗಾಡಿಸಿ ನೋಡಿದೆ. ಭದ್ರವಾಗಿತ್ತು.

ಮರುದಿನ ಬೆಳಿಗ್ಗೆ ಅದರ ಹಿಂದೆ ಕುಳಿತು ಹೊರಟಾಗ ನನಗೆ ಆದ ನೆಮ್ಮದಿಯನ್ನು ಹೇಳುವುದು ಕಷ್ಟ. ಎದೆಗೆ ಬಡಿಯುತ್ತಿದ್ದ ಗಾಳಿ ಇಲ್ಲ, ಕಿವಿಯಲ್ಲಿ ಸುಯ್ಯೆನ್ನುವ ಸದ್ದು ಇಲ್ಲ. ಪಣಂಬೂರಿನ ಹತ್ತಿರ ಲಾರಿಗಳಿಂದ ಏಳುವ ಧೂಳು ಗಾಜಿಗೆ ಬಂದು ಎರಡು ಕಡೆ ಸೀಳಿ ಹೋಗುತ್ತಿತ್ತು. ಸಂಜೆ ವಾಪಸು ಬರುವಾಗ ಕೂಳೂರಿನಲ್ಲಿ ಒಂದು ಟಿಪ್ಪರ್ ನನ್ನ ಮುಂದೆಯೇ ಸಿಕ್ಕಿತು. ಹ್ಯಾಂಡಲ್ ಹಿಡಿದ ಕೈ ಬಿಗಿಯಿತು, ಆದರೆ ಕಣ್ಣು ಮುಚ್ಚಲಿಲ್ಲ. ಗಾಜಿನ ಮೇಲೆ ಮರಳಿನ ಕಣಗಳು ಟಪಟಪನೆ ಬಿದ್ದವು. ನೋಡುತ್ತಾ ಹೋದೆ. ಆ ಸಂಜೆ ಗಂಡನಿಗೆ ಫೋನ್ ಮಾಡಿ, "ನೀವು ಹೇಳಿದ್ದು ಒಳ್ಳೆಯದಾಯ್ತು" ಎಂದೆ. ಅವರಿಗೂ ಖುಷಿ. ಅತ್ತೆಯೂ ಗಾಜನ್ನು ಬೆರಳಿನಿಂದ ಬಡಿದು ನೋಡಿ, "ಗಟ್ಟಿ ಉಂಟು" ಎಂದರು.

ಮೇ ತಿಂಗಳು ಮುಗಿಯುತ್ತಾ ಬಂದಿತ್ತು. ಮಳೆ ಇನ್ನೂ ಶುರುವಾಗಿರಲಿಲ್ಲ, ಆದರೆ ಸಂಜೆ ಸಂಜೆ ಸಮುದ್ರದ ಮೇಲೆ ಮೋಡ ಕಟ್ಟಿ ಚದುರುತ್ತಿತ್ತು. ಆ ದಿನ ಚದುರಲಿಲ್ಲ. ಪಂಪ್‌ವೆಲ್ ದಾಟುವಾಗ ಪಶ್ಚಿಮದ ಆಕಾಶ ಕಪ್ಪಾಗಿತ್ತು. ಜೆಪ್ಪಿನಮೊಗರು ಹತ್ತಿರ ಬರುವಾಗ ಒಂದೆರಡು ದಪ್ಪ ಹನಿ ಬಿದ್ದವು. ರೈನ್‌ಕೋಟ್ ತಂದಿರಲಿಲ್ಲ. ಎಲ್ಲಾದರೂ ನಿಲ್ಲಲೇ ಎಂದು ಯೋಚಿಸಿದೆ. ನೇತ್ರಾವತಿ ಸೇತುವೆ ದಾಟಿದರೆ ತೊಕ್ಕೊಟ್ಟು, ಅಲ್ಲಿಂದ ಮನೆ ದೂರವಿಲ್ಲ. ಮಳೆ ಜೋರಾಗುವ ಮೊದಲು ತಲುಪಿಬಿಡುತ್ತೇನೆ ಎಂದುಕೊಂಡು ಸೇತುವೆ ಹತ್ತಿದೆ.

ಸೇತುವೆಯ ಮೇಲೆ ಸ್ವಲ್ಪ ದೂರ ಬರುವವರೆಗೆ ಏನೂ ಆಗಲಿಲ್ಲ. ಆಮೇಲೆ ಬಲಗಡೆಯಿಂದ ಗಾಳಿ ಬಂತು. ಬಂತು ಅನ್ನುವುದಕ್ಕಿಂತ ಹೊಡೆಯಿತು. ಹ್ಯಾಂಡಲ್ ನನ್ನ ಕೈಯಿಂದ ಕಿತ್ತುಕೊಂಡ ಹಾಗೆ ಎಡಕ್ಕೆ ತಿರುಗಿತು. ಎದುರಿನ ಗಾಜು ನಡುಗುತ್ತಾ ಒಂದು ಥರ ಹೂಂಕರಿಸಲು ಶುರು ಮಾಡಿತು. ಬೀಳದ ಹಾಗೆ ನಾನು ಮೈಯನ್ನೂ ಬೈಕನ್ನೂ ಬಲಕ್ಕೆ, ಗಾಳಿಯ ಕಡೆಗೆ ವಾಲಿಸಿದೆ. ಹಾಗೆ ವಾಲಿಕೊಂಡೇ ನಾಲ್ಕು ಮಾರು ಹೋಗಿದ್ದೆನೋ ಇಲ್ಲವೋ, ನನ್ನ ಬಲಗಡೆ ಒಂದು ದೊಡ್ಡ ಟ್ರೈಲರ್ ಬಂತು. ಅದರ ಗೋಡೆಯಂಥ ಬದಿ ನನ್ನ ಪಕ್ಕಕ್ಕೆ ಬಂದದ್ದೇ ತಡ, ಗಾಳಿ ನಿಂತುಹೋಯಿತು. ಗಾಳಿಗೆ ಆನಿಕೊಂಡಿದ್ದ ಬೈಕು ಆನಿಕೊಳ್ಳಲು ಏನೂ ಇಲ್ಲದೆ ಒಮ್ಮೆಲೇ ಬಲಕ್ಕೆ ನುಗ್ಗಿತು.

ಟ್ರೈಲರಿನ ಚಕ್ರಗಳು ನನ್ನ ಮೊಣಕಾಲಿನ ಪಕ್ಕದಲ್ಲಿ ತಿರುಗುತ್ತಿದ್ದವು. ಅವುಗಳ ನಟ್ಟುಗಳು, ಅದಕ್ಕೆ ಮೆತ್ತಿದ ಗ್ರೀಸು, ಟಯರಿಗೆ ಅಂಟಿದ ಕೆಮ್ಮಣ್ಣು ಎಲ್ಲವೂ ಕಂಡವು. ಕಿರುಚಿದೆನೋ ಇಲ್ಲವೋ ಗೊತ್ತಿಲ್ಲ. ಹ್ಯಾಂಡಲನ್ನು ಎಡಕ್ಕೆ ಎಳೆದೆ. ಅಷ್ಟರಲ್ಲಿ ಟ್ರೈಲರ್ ಮುಂದೆ ಹೋಗಿ, ತಡೆದಿಟ್ಟಿದ್ದ ಗಾಳಿಯೆಲ್ಲ ಮತ್ತೆ ಒಟ್ಟಿಗೆ ಬಂದು ನನ್ನನ್ನು ಸೇತುವೆಯ ಅಂಚಿಗೆ ಒತ್ತಿತು. ಎರಡೂ ಬ್ರೇಕ್ ಹಿಡಿದೆ. ಎಂಜಿನ್ ನಿಂತಿತು. ಎಡಗಾಲು ಅಂಚಿನ ಕಟ್ಟೆಗೆ ಸಿಕ್ಕಿತು. ಬೈಕು ನನ್ನ ಮೇಲೆ ಒರಗಿತು. ನಾನು ಕಟ್ಟೆಯ ಕಡೆಗೆ ಒರಗಿದೆ.

ಅಲ್ಲಿ ಹಾಗೆಯೇ ನಿಂತೆ. ಇಳಿಯಲು ಆಗುವುದಿಲ್ಲ, ಇಳಿದರೆ ಬೈಕು ಬೀಳುತ್ತದೆ, ಬಿದ್ದರೆ ನನ್ನ ಕಾಲಿನ ಮೇಲೆ. ಹೊರಡಲೂ ಆಗುವುದಿಲ್ಲ. ಗಾಜು ಗಾಳಿ ಹಿಡಿದು ಇಡೀ ಹ್ಯಾಂಡಲನ್ನು ತಿರುಚುತ್ತಿತ್ತು. ಅದನ್ನು ಬಿಚ್ಚಿ ಎಸೆಯಬೇಕೆನಿಸಿತು, ಆದರೆ ಒಂದು ಕೈ ಬಿಟ್ಟರೂ ಹೋದೆ. ಎಡಕ್ಕೆ ನೋಡಿದರೆ ಕೆಳಗೆ ನದಿ, ಬೂದು ಬಣ್ಣ, ಮೇಲೆಲ್ಲ ನೀರು ಎದ್ದು ಎದ್ದು ಬೀಳುತ್ತಿತ್ತು. ನೋಡಬಾರದು ಎಂದುಕೊಂಡೆ. ಬಲಕ್ಕೆ ನೋಡಿದರೆ ಲಾರಿಗಳು. ಮಳೆ ಅಡ್ಡಡ್ಡ ಬಂದು ಮುಖಕ್ಕೆ ಚುಚ್ಚಿತು. ಹಿಂದಿನಿಂದ ಹಾರ್ನುಗಳು. ಯಾವ ಗಾಡಿ ನನ್ನನ್ನು ನೋಡದೆ ಬಂದು ಗುದ್ದುತ್ತದೋ ಎಂದು ಬೆನ್ನು ಮರಗಟ್ಟಿತ್ತು. ಆಗ ನನಗೆ ದೇವರ ನೆನಪೂ ಆಗಲಿಲ್ಲ, ಗಂಡನ ನೆನಪೂ ಆಗಲಿಲ್ಲ. "ಅಮ್ಮಾ" ಅಂತಷ್ಟೇ ಹೇಳುತ್ತಿದ್ದೆ. ನನ್ನ ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು.

ಆಗ ಒಂದು ಟೆಂಪೊ ಬಂದು ನನ್ನ ಪಕ್ಕದಲ್ಲಿ ನಿಂತಿತು. ಖಾಲಿ ಮೀನಿನ ಪೆಟ್ಟಿಗೆಗಳನ್ನು ಎತ್ತರಕ್ಕೆ ಒಟ್ಟಿ ಹಗ್ಗ ಬಿಗಿದ ಗಾಡಿ. ಅದು ನಿಂತ ಕೂಡಲೇ ಗಾಳಿ ಕಡಿಮೆಯಾಯಿತು. ಡ್ರೈವರು ಸೀಟಿನ ಉದ್ದಕ್ಕೂ ಬಗ್ಗಿ ಈಚೆ ಬದಿಯ ಕಿಟಕಿಯಿಂದ ತಲೆ ಹಾಕಿದ. ತೆಳ್ಳಗಿನ ಮನುಷ್ಯ, ತಲೆಗೆ ಟವೆಲ್ ಸುತ್ತಿದ್ದ.

"ಅಕ್ಕ, ಪೆಟ್ಟಾಯ್ತಾ?"

"ಇಲ್ಲ."

"ಬೈಕ್ ಸ್ಟಾರ್ಟ್ ಆಗ್ತದಾ?"

"ನನಗೆ ಆಗುವುದಿಲ್ಲ ಅಣ್ಣ! ನನ್ನಿಂದ ಆಗುವುದಿಲ್ಲ!"

"ನಿಮ್ಮದು ಆಮೇಲೆ. ಬೈಕಿನದ್ದು ಹೇಳಿ."

ಬಟನ್ ಒತ್ತಿದೆ. ಸ್ಟಾರ್ಟ್ ಆಯಿತು.

"ಹಾಂ. ಈಗ ಕೇಳಿ. ನಾನು ಗಾಳಿಯ ಬದಿಯಲ್ಲೇ ಬರ್ತೇನೆ. ನೀವು ನನ್ನ ಗಾಡಿಯ ಮರೆಯಲ್ಲಿ ಹೋಗಿ. ಮುಂದೆ ಹೋಗಬೇಡಿ, ಹಿಂದೆ ಉಳಿಯಬೇಡಿ. ಈ ಬಾಗಿಲಿನ ಹತ್ತಿರವೇ ಇರಿ."

"ಹಿಂದಿನವರು ಹಾರ್ನ್ ಹೊಡಿತಾ ಇದ್ದಾರೆ."

"ಹೊಡಿಲಿ ಮಾರಾಯ್ರೆ. ಎಷ್ಟು ಹೊಡಿತಾರೆ?"

ಹೊರಟೆವು. ಫಸ್ಟ್ ಗೇರಿನಲ್ಲಿ, ಕಾಲುಗಳನ್ನು ಇಳಿಬಿಟ್ಟುಕೊಂಡು, ಅರ್ಧ ಓಡಿಸುತ್ತಾ ಅರ್ಧ ನಡೆಯುತ್ತಾ. ಟೆಂಪೊದ ಬಾಗಿಲು ನನ್ನ ಬಲಗೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಅದರ ಎಂಜಿನ್ನಿನ ಬಿಸಿ, ಮೀನಿನ ವಾಸನೆ, ಪೆಟ್ಟಿಗೆಗಳಿಂದ ತೊಟ್ಟಿಕ್ಕುವ ನೀರು. ಪೆಟ್ಟಿಗೆಗಳ ಮೇಲಿಂದ ಗಾಳಿ ಹಾಯ್ದುಹೋಗುವ ಸದ್ದು ಕೇಳುತ್ತಿತ್ತು, ನನ್ನನ್ನು ಮುಟ್ಟುತ್ತಿರಲಿಲ್ಲ. ಆದರೂ ಹೆದರಿಕೆ ಕಡಿಮೆಯಾಗಲಿಲ್ಲ. ಅವನ ಕಾಲು ಆಕ್ಸಿಲರೇಟರಿನ ಮೇಲೆ ಸ್ವಲ್ಪ ಜಾಸ್ತಿ ಬಿದ್ದರೆ? ಮರೆ ತಪ್ಪಿಹೋದರೆ? ಅವನು ಆಗಾಗ ಹಾರ್ನಿನ ಸದ್ದುಗಳ ನಡುವೆ ಕೂಗುತ್ತಿದ್ದ, "ಬನ್ನಿ ಬನ್ನಿ, ಹಾಗೆಯೇ ಬನ್ನಿ." ಆ ಸೇತುವೆ ಅಷ್ಟು ಉದ್ದ ಇದೆಯೆಂದು ಅದಕ್ಕಿಂತ ಮೊದಲು ನನಗೆ ಗೊತ್ತಿರಲಿಲ್ಲ.

ಸೇತುವೆ ಮುಗಿದು ಎರಡು ಬದಿಯಲ್ಲಿ ಮರಗಳು ಬಂದವು. ನಾನು ರಸ್ತೆ ಬದಿಗೆ ಇಳಿಸಿ ನಿಂತೆ. ಅವನು ಒಂದು ಕೈ ಹೊರಗೆ ಹಾಕಿ ಬೀಸಿದ, ವೇಗ ಹೆಚ್ಚಿಸಿ ಹೊರಟುಹೋದ. ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ ಹಲ್ಲು ಕಟಕಟ ಹೊಡೆದುಕೊಳ್ಳುತ್ತಿತ್ತು. ಅವನ ಗಾಡಿಯ ನಂಬರು ನೋಡಲೂ ತೋಚಲಿಲ್ಲ. ಅವನನ್ನು ಮತ್ತೆ ಎಲ್ಲಿಯೂ ಕಾಣಲಿಲ್ಲ.

ಮನೆಗೆ ಬೈಕನ್ನು ತಳ್ಳಿಕೊಂಡೇ ಹೋದೆ. ಒದ್ದೆಯಾಗಿ, ನಡುಗುತ್ತಾ ಬಂದ ನನ್ನನ್ನು ನೋಡಿ ಅತ್ತೆ ಮೊದಲು ಕಣ್ಣನ್ನು ನೋಡಿದರು. ಕಣ್ಣು ಸರಿಯಿದೆ ಎಂದು ಗೊತ್ತಾದ ಮೇಲೆ, "ಮತ್ತೆ ಎಂತ?" ಎಂದರು. ಹೇಳಿದೆ. ಅವರು ಒಳಗೆ ಹೋಗಿ ಬಿಸಿನೀರು ಕಾಯಿಸಲು ಇಟ್ಟರು. ತುಂಬಾ ಹೊತ್ತು ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಒಲೆಯ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಗಂಡನಿಗೆ ಫೋನ್ ಮಾಡಿದಾಗ ಅವರು ಮೊದಲು ಪೆಟ್ಟಾಯಿತಾ ಎಂದು ಕೇಳಿದರು. ಆಮೇಲೆ, "ಬೈಕ್ ಮಾರುವ. ನಾಳೆಯೇ" ಎಂದರು.

"ಮಾರಿ ನಾನು ಎಂತ ಮಾಡುವುದು?"

"ಬಸ್ಸಿಗೆ ಹೋಗು. ಇಲ್ಲಾಂದ್ರೆ ಕೆಲಸ ಬಿಡು. ಅಷ್ಟೆಲ್ಲ ಬೇಡ ನಮಗೆ."

"ಗಾಜು ಹಾಕಿಸು ಅಂತ ಹೇಳಿದ್ದು ನೀವೇ ಅಲ್ವಾ? ಈಗ ಬೈಕ್ ಬೇಡ ಅಂತ ಹೇಳುವುದೂ ನೀವೇ. ಅಲ್ಲಿ ಕೂತು ಎಲ್ಲ ನೀವೇ ಹೇಳಿದ್ರೆ ಹೇಗೆ? ಸೇತುವೆಯಲ್ಲಿ ಇದ್ದದ್ದು ನಾನು."

ಹಾಗೆ ನಾನು ಅವರೊಡನೆ ಯಾವತ್ತೂ ಮಾತಾಡಿರಲಿಲ್ಲ. ಅವರು ಫೋನ್ ಇಟ್ಟರು. ನಾನೂ ಮತ್ತೆ ಮಾಡಲಿಲ್ಲ.

ಆ ಭಾನುವಾರ ಸ್ಪ್ಯಾನರ್ ತೆಗೆದುಕೊಂಡು ಅಂಗಳದಲ್ಲಿ ಕುಳಿತೆ. ಗಾಜನ್ನು ಅತ್ತೆ ಎರಡೂ ಕೈಯಲ್ಲಿ ಹಿಡಿದುಕೊಂಡರು, ನಾನು ಒಂದೊಂದೇ ಬೋಲ್ಟು ಬಿಚ್ಚಿದೆ. ಬಿಚ್ಚುತ್ತಾ ಬಿಚ್ಚುತ್ತಾ ಕಲ್ಲಿನ ಹೆದರಿಕೆ ಮತ್ತೆ ಮೇಲೆ ಬಂತು. ಒಂದು ಬೋಲ್ಟು ಉಳಿದಿರುವಾಗ ಕೈ ನಿಲ್ಲಿಸಿದೆ.

"ಅತ್ತೆ, ತೆಗೆಯುವುದಾ, ಬೇಡವಾ?"

"ನನಗೆ ಎಂತ ಗೊತ್ತು ಮಗಾ? ನಾನು ಎರಡಕ್ಕೂ ಹೆದರುತ್ತೇನೆ" ಎಂದರು ಅವರು. "ಯಾವುದಕ್ಕೆ ನೀನು ಏನಾದರೂ ಮಾಡಬಹುದು, ಯಾವುದಕ್ಕೆ ಮಾಡಲಿಕ್ಕೆ ಆಗುವುದಿಲ್ಲ, ಅದನ್ನು ನೋಡು."

ನೋಡಿದೆ. ಟಿಪ್ಪರಿನಿಂದ ದೂರ ಇರಬಹುದು. ಹೆಲ್ಮೆಟ್ಟಿಗೆ ಹೊಸ ಗಾಜು ಹಾಕಿಸಿ, ಎಷ್ಟೇ ಬೆವರಿದರೂ ಎತ್ತದೆ ಇರಬಹುದು. ಆದರೆ ಸೇತುವೆಯ ನಡುವೆ ಗಾಳಿ ಹಿಡಿದರೆ ನಾನು ಮಾಡುವುದಕ್ಕೆ ಏನೂ ಇರಲಿಲ್ಲ. ಕೊನೆಯ ಬೋಲ್ಟನ್ನೂ ಬಿಚ್ಚಿದೆ. ಗಾಜನ್ನು ಅತ್ತೆ ಒಳಗೆ ಕೊಂಡುಹೋದರು. ಬೇಸಗೆಯಲ್ಲಿ ಹಪ್ಪಳ ಒಣಗಿಸುವಾಗ ಕಾಗೆ ಬಾರದ ಹಾಗೆ ಮುಚ್ಚಲು ಅದನ್ನೇ ಬಳಸುತ್ತಾರೆ.

ಮತ್ತೆ ಬೈಕು ಹತ್ತಿದ ಮೊದಲ ದಿನ ಸೇತುವೆಯ ಬುಡದಲ್ಲಿ ನಿಂತು, ವಾಪಸು ಮನೆಗೆ ಹೋಗಿ, ಬಸ್ಸು ಹಿಡಿದೆ. ಎರಡನೆಯ ದಿನವೂ ಹಾಗೆಯೇ. ಆಮೇಲೊಂದು ಬೆಳಿಗ್ಗೆ ಗಾಳಿ ಇರಲಿಲ್ಲ, ನದಿ ತಣ್ಣಗೆ ಮಲಗಿತ್ತು. ದಾಟಿದೆ. ಆಚೆ ದಡದಲ್ಲಿ ಬೈಕು ನಿಲ್ಲಿಸಿ ವಾಂತಿ ಮಾಡಿಕೊಂಡೆ. ಬಾಯಿ ತೊಳೆದು ಬೈಕಂಪಾಡಿಗೆ ಹೋದೆ. ಮಳೆಗಾಲದಲ್ಲಿ ಗಾಳಿ ಜೋರಿದ್ದ ದಿನ ಈಗಲೂ ಬಸ್ಸೇ. ಪ್ಯಾಕಿಂಗಿನ ಅಣ್ಣ, "ನಾನು ಹೇಳಿದ್ದೆ ಅಲ್ವಾ?" ಎಂದು ಒಮ್ಮೆಯೂ ಅನ್ನಲಿಲ್ಲ. ಬೆಳಿಗ್ಗೆ ತಾನು ಮೊದಲು ಸೇತುವೆ ದಾಟಿದರೆ, "ಗಾಳಿ ಉಂಟು, ಬಸ್ಸಿಗೆ ಬನ್ನಿ" ಎಂದು ಮೆಸೇಜು ಹಾಕುತ್ತಾರೆ.

ಆಗಸ್ಟಿನಲ್ಲಿ ಗಂಡ ರಜೆಗೆ ಬಂದರು. ಬಂದ ಮರುದಿನವೇ ಸೇತುವೆಯಾಚೆ ಪೇಟೆಯಲ್ಲಿ ಕೆಲಸ ಇದೆ, ಬೈಕಿನಲ್ಲಿ ಹೋಗುವ ಎಂದರು. ಕೀ ಕೇಳಿದರು. ನಾನು ಕೊಡಲಿಲ್ಲ.

"ನೀವು ಹಿಂದೆ ಕೂತ್ಕೊಳ್ಳಿ."

ಅವರು ನನ್ನನ್ನೂ ತಾಯಿಯನ್ನೂ ನೋಡಿದರು. ಅತ್ತೆ ಬಾಗಿಲಲ್ಲಿ ನಿಂತು, "ಕೂತ್ಕೊ" ಎಂದರು.

ಮೋಡ ಇತ್ತು, ಮಳೆ ಇರಲಿಲ್ಲ. ಗಾಳಿ ಸಾಧಾರಣ. ಹೋಗುವಾಗ ಗಾಳಿ ಎಡದಿಂದ ಬರುತ್ತದೆ, ಲಾರಿಗಳ ಕಡೆಗೆ ನೂಕುತ್ತದೆ. ಸೇತುವೆಯ ನಡುವೆ ಒಂದು ಬೀಸು ಬಂತು, ಬೈಕು ಒಂದಿಷ್ಟು ಬಲಕ್ಕೆ ಸರಿಯಿತು. ಹ್ಯಾಂಡಲನ್ನು ಬಿಗಿ ಹಿಡಿಯದೆ, ಹಗುರವಾಗಿ ಎಡಕ್ಕೆ ಒತ್ತಿ ಸರಿಮಾಡಿದೆ. ನನ್ನ ಎರಡೂ ಭುಜಗಳ ಮೇಲೆ ಅವರ ಬೆರಳುಗಳು ಮೂಳೆಗೆ ತಾಗುವ ಹಾಗೆ ಒತ್ತಿದವು. ಪಕ್ಕದಲ್ಲಿ ಟ್ಯಾಂಕರೊಂದು ಹಾದುಹೋಯಿತು.

"ನಿಧಾನ, ನಿಧಾನ, ನಿಧಾನ" ಎನ್ನುತ್ತಿದ್ದರು ನನ್ನ ಕಿವಿಯ ಹತ್ತಿರ.

"ನಿಧಾನವೇ ಉಂಟು. ಕೈ ಸ್ವಲ್ಪ ಸಡಿಲ ಬಿಡಿ, ನೋಯ್ತದೆ" ಎಂದೆ.

ಸಡಿಲ ಬಿಡಲಿಲ್ಲ. ಜೆಪ್ಪಿನಮೊಗರಿನಲ್ಲಿ ಒಂದು ಹೋಟೆಲಿನ ಮುಂದೆ ನಿಲ್ಲಿಸು ಎಂದರು. ಚಹಾ ಹೇಳಿದರು. ಅದು ಬರುವವರೆಗೆ ಬಾಗಿಲಿನಾಚೆ ಹೋಗುವ ಲಾರಿಗಳನ್ನೇ ನೋಡುತ್ತಿದ್ದರು.

"ದಿನಾ ಹೀಗೆಯೇ?"

"ಇವತ್ತು ಕಡಿಮೆ."

"ನಿನಗೆ ಹೆದರಿಕೆ ಆಗುವುದಿಲ್ವಾ?"

"ಆಗ್ತದೆ. ದಿನಾ ಆಗ್ತದೆ."

ಅವರು ಚಹಾ ಕುಡಿದು ಮುಗಿಸಿದರು. ಬೈಕು ಮಾರುವ ಮಾತನ್ನಾಗಲಿ, ಇನ್ನೊಂದು ನಮೂನೆಯ ಗಾಜು ಹಾಕಿಸುವ ಮಾತನ್ನಾಗಲಿ ಎತ್ತಲಿಲ್ಲ. ಎದ್ದು ಹೊರಗೆ ಬಂದು, ಬೈಕಿಗೆ ಸಿಕ್ಕಿಸಿದ್ದ ನನ್ನ ಹೆಲ್ಮೆಟ್ಟಿನ ಮೇಲೆ ಆಗಷ್ಟೇ ಬಿದ್ದ ಮಳೆಹನಿಗಳನ್ನು ಕರ್ಚೀಫಿನಿಂದ ಒರಸಿ ನನ್ನ ಕೈಗೆ ಕೊಟ್ಟರು. ನಾನು ಸ್ಟಾರ್ಟ್ ಮಾಡಿದೆ, ಅವರು ಹಿಂದೆ ಹತ್ತಿ ಕುಳಿತರು.